ಮಿಲಿಟರಿ ಪೆಟ್ಟಿಗೆಗೆ ನಾನು ಹಾಕಿಸಿದ ಎರಡು ಬೋಲ್ಟು

ಕಳೆದ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಬಸವನಗುಡಿಯ ಒಂದು ರಸ್ತೆಯಲ್ಲಿ, ನಾನು ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ಸನ್ನು ಮಿಲಿಟರಿ ಪೆಟ್ಟಿಗೆಯೊಳಗೆ ಕೂಡಿಹಾಕಿದೆ.

ಬೇಕಂತ ಅಲ್ಲ. ಆದರೆ ಮುಕ್ಕಾಲು ಗಂಟೆ ಒಳಗೇ ಕೂತಿದ್ದವರಿಗೆ ಅದರಿಂದ ಏನು ವ್ಯತ್ಯಾಸ? ಹೊರಗೆ ನಿಂತಿದ್ದ ನನಗಂತೂ ಆ ಮುಕ್ಕಾಲು ಗಂಟೆ ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಪೆಟ್ಟಿಗೆ ಅಂದರೆ ಟ್ರಂಕು ಅಂದುಕೊಳ್ಳಬೇಡಿ. ಸೈನ್ಯದ ಕೆಲವು ಲಾರಿಗಳ ಬೆನ್ನ ಮೇಲೆ ಒಂದು ಮುಚ್ಚಿದ ಕೋಣೆ ಇರುತ್ತದೆ, ನೋಡಿರಬಹುದು. ಒಳಗೆ ವೈರ್‌ಲೆಸ್ ಸೆಟ್ಟೋ ರಿಪೇರಿ ಸಾಮಾನೋ ಇಟ್ಟುಕೊಂಡು ಬೆಟ್ಟಗುಡ್ಡ ಸುತ್ತಲು ಮಾಡಿದ್ದು. ಸೇವೆ ಮುಗಿದ ಮೇಲೆ ಆ ಪೆಟ್ಟಿಗೆಗಳು ಲಾರಿಯಿಂದ ಬೇರೆಯಾಗಿ ಹರಾಜಿಗೆ ಬರುತ್ತವೆ. ಅಂಥದ್ದೊಂದನ್ನು ನಾವು ಕೊಂಡೆವು. ನಾವು ಅಂದರೆ ನನ್ನ ತಂಗಿ ಶೈಲಾ. (ಹರಾಜಿನಲ್ಲಿ ಕೈ ಎತ್ತಿದ್ದು ನಾನು. ಹಾಗಾಗಿ ನಾನೇ ಕೊಂಡೆ ಅಂತ ಚಾಮರಾಜಪೇಟೆ ತುಂಬಾ ಹೇಳಿಕೊಂಡು ಬಂದಿದ್ದೆ.)

ಶೈಲಾ ಕಣ್ಣು ಪರೀಕ್ಷೆ ಮಾಡುವವಳು. ಹತ್ತೊಂಬತ್ತು ವರ್ಷ ಬೇರೆಯವರ ಕನ್ನಡಕದ ಅಂಗಡಿಯಲ್ಲಿ ಕೂತು, 'ಇದು ಚೆನ್ನಾಗಿ ಕಾಣುತ್ತಾ, ಇದು ಚೆನ್ನಾಗಿ ಕಾಣುತ್ತಾ' ಅಂತ ಕೇಳಿದವಳು. ಆರು ತಿಂಗಳ ಹಿಂದೆ ಒಂದು ದಿನ ಕೆಲಸ ಬಿಟ್ಟು ಮನೆಗೆ ಬಂದಳು. 'ಬೋರ್ಡು ಕಾಣಿಸದೆ ಇರೋ ಮಕ್ಕಳನ್ನ ಮೇಷ್ಟ್ರು ದಡ್ಡರು ಅಂತ ಹಿಂದಿನ ಬೆಂಚಿಗೆ ಕೂರಿಸ್ತಾರೆ ಅಣ್ಣಾ. ಅಲ್ಲಿ ಇನ್ನೂ ಕಾಣಲ್ಲ. ಹಳ್ಳಿ ಶಾಲೆಗಳಿಗೆ ನಾನೇ ಹೋಗ್ತೀನಿ,' ಅಂದಳು. ಅವಳ ದನಿ ಕೇಳಿ ನಾನು ವಾದ ಮಾಡಲಿಲ್ಲ.

ಹಳ್ಳಿ ಶಾಲೆಗಳನ್ನು ನೋಡಿಕೊಳ್ಳುವ ಒಂದು ಟ್ರಸ್ಟಿನವರು ಆಸಕ್ತಿ ತೋರಿಸಿದರು. ಷರತ್ತು ಒಂದೇ. ಗಾಡಿ ಸಿದ್ಧ ಮಾಡಿ ತಂದು ತೋರಿಸಬೇಕು. ಅಧ್ಯಕ್ಷೆ ಮೇಡಂ ಒಪ್ಪಿದರೆ ಇಡೀ ವರ್ಷಕ್ಕೆ ಸಾಕಾಗುವಷ್ಟು ಶಾಲೆಗಳು. ಒಪ್ಪದಿದ್ದರೆ? ನಲವತ್ನಾಲ್ಕನೇ ವಯಸ್ಸಿನಲ್ಲಿ ಶೈಲಾ ಮತ್ತೆ ಅದೇ ಅಂಗಡಿಗೆ ಹೋಗಿ ಅದೇ ಕುರ್ಚಿ ಕೇಳಬೇಕು.

ಮಿಲಿಟರಿ ಪೆಟ್ಟಿಗೆಯೇ ಯಾಕೆ? ಅಳತೆ ನೋಡಿ. ಕಣ್ಣಿನ ಚಾರ್ಟು ಇಪ್ಪತ್ತು ಅಡಿ ದೂರದಲ್ಲಿ ಇರಬೇಕು. ಎದುರಿಗೆ ಕನ್ನಡಿ ಹಾಕಿ ಅದರಲ್ಲಿ ಓದಿಸಿದರೆ ಹತ್ತು ಅಡಿ ಸಾಕು. ಪೆಟ್ಟಿಗೆ ಹನ್ನೊಂದು ಅಡಿ ಇತ್ತು. ಒಳಗೆ ಬೇಕಾದಷ್ಟು ಕತ್ತಲೆ. ಎರಡು ಪದರ ಅಲ್ಯೂಮಿನಿಯಂ ನಡುವೆ ಫೋಮು, ಹಾಗಾಗಿ ಬಿಸಿಲಿನ ಕಾಟ ಕಡಿಮೆ. ಗೋಡೆಗೆ ಸಾಲಾಗಿ ಡ್ರಾಯರುಗಳು. ಫ್ಯೂಸು ಇಡುತ್ತಿದ್ದ ಡ್ರಾಯರಿನಲ್ಲಿ ಶೈಲಾಳ ಲೆನ್ಸುಗಳು ಹೇಳಿ ಮಾಡಿಸಿದ ಹಾಗೆ ಕೂತವು.

ಇನ್ನೊಂದು ಮಜಾ ಇತ್ತು. ಬಾಗಿಲು ತೆಗೆದ ತಕ್ಷಣ ಒಳಗಿನ ದೀಪ ತಾನಾಗಿ ಆರಿಹೋಗುತ್ತದೆ. ಕತ್ತಲಲ್ಲಿ ಶತ್ರುವಿಗೆ ಬೆಳಕು ಕಾಣಬಾರದಲ್ಲ! ನಮ್ಮ ಮನೆಯ ಫ್ರಿಜ್ಜಿಗೆ ಪೂರ್ತಿ ಉಲ್ಟಾ. ಶೈಲಾ ಅದನ್ನು ತೆಗೆಸಲಿಲ್ಲ. 'ಇರ್ಲಿ, ಮಕ್ಕಳಿಗೆ ತೋರಿಸಿದ್ರೆ ಖುಷಿ ಪಡ್ತಾರೆ,' ಅಂದಳು.

ಸೆಕೆಂಡ್‌ಹ್ಯಾಂಡ್ ಲಾರಿ ಒಂದನ್ನು ಹುಡುಕಿ, ಚಾಮರಾಜಪೇಟೆಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಪೆಟ್ಟಿಗೆಯನ್ನು, ಸೈನ್ಯದವರು ಮಾಡಿದ್ದ ಹಿಡಿತಗಳ ಸಮೇತ, ಅದರ ಮೇಲೆ ಕೂರಿಸಿದೆವು. ಸೈನ್ಯದ ಹಸಿರು ಬಣ್ಣ ನಮ್ಮಂಥವರ ಗಾಡಿಗೆ ಇರುವಂತಿಲ್ಲ, ಕಾನೂನು. ಕೆನೆ ಬಣ್ಣ ಹೊಡೆಸಿದೆವು. (ನನಗೆ ಹಸಿರೇ ಇಷ್ಟವಿತ್ತು. ಆ ಬಣ್ಣದ ಪಕ್ಕ ನಿಂತರೆ ಎದೆ ಎರಡು ಇಂಚು ಮುಂದೆ ಬರುತ್ತಿತ್ತು.) ಪರವಾನಗಿ, ಕಾಗದ ಪತ್ರ ಎಲ್ಲಾ ನಾನೇ ಓಡಾಡಿ ಮಾಡಿಸಿದೆ. ಒಂದು ತಿಂಗಳಲ್ಲಿ ನಾನು ಲಾರಿ ಬಾಡಿಗಳ ವಿಷಯದಲ್ಲಿ ಪಂಡಿತನಾಗಿಬಿಟ್ಟಿದ್ದೆ. ಅದೇ ಎಡವಟ್ಟಾಗಿದ್ದು.

ಮೊದಲ ಟ್ರಯಲ್‌ಗೆ ಕೆ.ಆರ್. ಮಾರ್ಕೆಟ್ ಕಡೆ ಒಂದು ಸುತ್ತು ಹೊಡೆದೆವು. ಹಳ್ಳ ಬಂದಾಗಲೆಲ್ಲ ಪೆಟ್ಟಿಗೆಯ ಮುಂಭಾಗ ಅಲುಗಾಡಿತು. ಕಟಕಟ ಅಂತ ಸದ್ದು. ಇಳಿದು ನೋಡಿದರೆ, ಹಿಂದೆ ಎರಡೂ ಮೂಲೆಗಳಲ್ಲಿ ಭದ್ರ ಹಿಡಿತವಿದೆ. ಮುಂದೆ ಮೂಲೆಗಳಲ್ಲಿ ಏನೂ ಇಲ್ಲ. ನಡುವೆ ಒಂದೇ ಒಂದು ಕೀಲು. ನಾಲ್ಕು ಮೂಲೆಯ ಪೆಟ್ಟಿಗೆಗೆ ಮೂರೇ ಕಡೆ ಹಿಡಿತ! ಯಾರೋ ಎರಡು ಬೋಲ್ಟು ಹಾಕಲು ಮರೆತಿದ್ದಾರೆ ಅಂತ ನನಗೆ ಖಾತ್ರಿಯಾಯಿತು.

ವೆಲ್ಡರ್ ಬಾಬುಗೆ ಹೇಳಿದೆ. 'ಮುಂದಿನ ಎರಡು ಮೂಲೆಗೂ ಬ್ರಾಕೆಟ್ ಕೊಟ್ಟು, ಅಲ್ಲಾಡದ ಹಾಗೆ ಬಿಗಿ ಮಾಡಿಬಿಡು.'

'ಯಾಕೆ ಸಾರ್?' ಅಂದದ್ದು ಬಾಬು ಅಲ್ಲ. ಶೆಡ್ಡಿನ ಗೇಟಿನಲ್ಲಿ ನಿಂತಿದ್ದ ಹವಾಲ್ದಾರ್ ಮುನಿಯಪ್ಪನವರು.

ಮುನಿಯಪ್ಪನವರು ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇರುವವರು. ಸೈನ್ಯದ ವರ್ಕ್‌ಶಾಪಿನಲ್ಲಿ ಇಪ್ಪತ್ತನಾಲ್ಕು ವರ್ಷ ಗಾಡಿ ರಿಪೇರಿ ಮಾಡಿ ನಿವೃತ್ತರಾದವರು. ಅವರ ಕನ್ನಡಕ ಶೈಲಾ ಮಾಡಿಕೊಟ್ಟದ್ದು. ಸಣ್ಣ ದನಿ. ಒಂದು ವಾಕ್ಯ ಹೇಳಿ, ಎದುರಿಗಿದ್ದವರು ಕೇಳಿಸಿಕೊಂಡರಾ ಅಂತ ನೋಡಿ, ಆಮೇಲೆ ಇನ್ನೊಂದು ವಾಕ್ಯ ಹೇಳುವ ಮನುಷ್ಯ.

'ಅದು ಆಡ್ಬೇಕು ಸಾರ್,' ಅಂದರು. 'ಆಡ್ಲಿ ಅಂತಾನೇ ಹಂಗೆ ಮಾಡಿರೋದು. ರೋಡು ಮೇಲೆ ಕೆಳಗೆ ಆದಾಗ ಲಾರಿ ಅಡಿ ಇರೋ ಚಾಸಿ ತಿರುಚ್ಕೊಳ್ಳುತ್ತೆ...'

'ಅದು ಗುಡ್ಡಗಾಡಿಗೆ ಸಾರ್. ನಮ್ದು ಟಾರ್ ರೋಡು,' ಅಂದೆ.

'ಬೆಂಗಳೂರಲ್ಲಿ ಟಾರ್ ರೋಡಾ?' ಅಂದರು ಮುನಿಯಪ್ಪನವರು.

ನಾನು ನಕ್ಕೆ. ಆಮೇಲೆ, 'ಬನ್ನಿ ಸಾರ್, ಮೊದ್ಲು ಒಂದು ಕಾಫಿ ಕುಡೀರಿ. ನೀವ್ಯಾಕೆ ತೊಂದ್ರೆ ತಗೋತೀರಿ, ನಾವು ನೋಡ್ಕೋತೀವಿ,' ಅಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಕಡೆ ನಾವು ಯಾರಿಗೂ 'ಸುಮ್ಮನಿರಿ' ಅನ್ನುವುದಿಲ್ಲ. ಅಷ್ಟು ಒರಟಲ್ಲ ನಾವು. ಕಾಫಿ ಕೊಡುತ್ತೇವೆ. ಬಿಸಿ ಲೋಟ ಕೈಗೆ ಬಂದರೆ ಎಂಥವರೂ ಮಾತು ನಿಲ್ಲಿಸಿ ಊದತೊಡಗುತ್ತಾರೆ. ಅಷ್ಟರಲ್ಲಿ ನಾವು ಮಗಳ ಕಾಲೇಜು, ಮೆಟ್ರೋ, ಹವಾ ಅಂತ ಮಾತು ತಿರುಗಿಸಿರುತ್ತೇವೆ. ಸೊಸೆ ಅಡುಗೆಯ ಬಗ್ಗೆ ಏನೋ ಹೇಳಹೊರಟರೆ, ಪ್ಲಂಬರ್ ಗೋಡೆ ಒಡೆಯಬೇಕು ಅಂದರೆ, ಕಿರಿಯ ಸಹೋದ್ಯೋಗಿ ಮೀಟಿಂಗಿನಲ್ಲಿ ಬಾಯಿ ತೆರೆದರೆ, ಎಲ್ಲರಿಗೂ ಇದೇ ಮದ್ದು. ಅವರು 'ಎಷ್ಟು ಮರ್ಯಾದಸ್ಥರು' ಅಂದುಕೊಂಡು ಹೋಗುತ್ತಾರೆ. ನಾವೂ ಹಾಗೇ ಅಂದುಕೊಳ್ಳುತ್ತೇವೆ.

ಮುನಿಯಪ್ಪನವರು ಹೀಗೆ ಮೂರು ದಿನ ಬಂದರು. ಮೂರು ದಿನವೂ ಗೇಟಿನ ಹತ್ತಿರವೇ ಕಾಫಿ ತರಿಸಿಕೊಟ್ಟೆ. ನಾಲ್ಕನೇ ದಿನ ಅವರು ಬರಲಿಲ್ಲ. ಬೋಲ್ಟು ಬಿಗಿಯಾಯಿತು. ಕಟಕಟ ನಿಂತಿತು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಬಾಬುಗೂ ಅವತ್ತು ಕಾಫಿ.

'ಮುನಿಯಪ್ಪನವರು ನೋಡಿದ್ರಾ?' ಅಂತ ಶೈಲಾ ಕೇಳಿದಳು.

'ನೋಡಿದ್ರು,' ಅಂದೆ. ಸುಳ್ಳಲ್ಲ. ನೋಡಿದ್ದರು.

ಶನಿವಾರಕ್ಕೆ ಬರೋಣ. ಟ್ರಸ್ಟಿನ ಕಚೇರಿ ಮುಂದೆ ಗಾಡಿ ನಿಲ್ಲಿಸಿದೆವು. ಅಧ್ಯಕ್ಷೆ ಮೇಡಂ ಇಳಿದು ಬಂದರು. ಎಪ್ಪತ್ತು ದಾಟಿದವರು, ಬಿಗಿಯಾಗಿ ಪಿನ್ ಮಾಡಿದ ಸೀರೆ. ಯಾವುದೋ ಪ್ರೌಢಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರಂತೆ. ಹೇಳದಿದ್ದರೂ ಗೊತ್ತಾಗುತ್ತಿತ್ತು, ಅವರನ್ನು ಕಂಡ ಕೂಡಲೇ ನಾನು ಜೇಬಿನಿಂದ ಕೈ ತೆಗೆದಿದ್ದೆ.

'ಮಕ್ಕಳಿಗೆ ಮಾಡೋದನ್ನ ಮೊದಲು ನನಗೆ ಮಾಡಮ್ಮ,' ಅಂತ ಶೈಲಾಗೆ ಹೇಳಿ ಮೆಟ್ಟಿಲು ಹತ್ತಿದರು. ಶೈಲಾ ಬಾಗಿಲು ಹಾಕಿಕೊಂಡಳು. ದೀಪ ಹೊತ್ತಿಕೊಂಡದ್ದು ಬಾಗಿಲ ಸಂದಿಯಲ್ಲಿ ಒಂದು ಕ್ಷಣ ಕಂಡಿತು.

ಅಷ್ಟರಲ್ಲಿ ಹಿಂದೆ ನೀರಿನ ಟ್ಯಾಂಕರ್ ಬಂತು. ಹಾರ್ನ್ ಅಂದರೆ ಹಾರ್ನ್. ಒಳಗೆ ಪರೀಕ್ಷೆ ನಡೆಯುತ್ತಿದೆ, ಮೇಡಂಗೆ ಕಿರಿಕಿರಿಯಾಗಬಾರದಲ್ಲ? ನಾನು ಡ್ರೈವರಿಗೆ ಕೈ ಮಾಡಿದೆ. 'ಒಂದು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸಿಬಿಡಿ.'

ಬೆಂಗಳೂರಿನಲ್ಲಿ ಇದು ಯಾರಾದರೂ ಯೋಚಿಸಿ ಮಾಡುವ ಕೆಲಸವೇ? ನಾವೆಲ್ಲ ಹೀಗೇ ಅಲ್ಲವೇ ನಿಲ್ಲಿಸುವುದು, ಅರ್ಧ ರಸ್ತೆಗೆ, ಅರ್ಧ ಫುಟ್‌ಪಾತಿಗೆ? ಮರದ ಬೇರು ಎತ್ತಿ ನಿಲ್ಲಿಸಿದ್ದ ಕಲ್ಲಿನ ಮೇಲೆ ಮುಂದಿನ ಎಡ ಚಕ್ರ ಹತ್ತಿ ಕೂತಿತು. ಎಲ್ಲೋ ಕಿರ್ ಅಂದಿತು. ಟ್ಯಾಂಕರ್ ಹೋಯಿತು. ಆ ಜಾಗಕ್ಕೆ ತಕ್ಷಣ ಒಂದು ಕಾರು ಬಂದು ನಮ್ಮ ಹಿಂದೆ ಅಂಟಿಕೊಂಡು ನಿಂತಿತು. ಅದರ ಯಜಮಾನ ಬೀಗ ಹಾಕಿ ಮಾಯವಾದ. ಮುಂದೆ ಟ್ರಾನ್ಸ್‌ಫಾರ್ಮರ್ ಕಂಬ.

ಹತ್ತು ನಿಮಿಷದ ಮೇಲೆ ಒಳಗಿನಿಂದ ಟಕ್ ಟಕ್ ಅಂತ ಬಡಿದ ಸದ್ದು. ಆಮೇಲೆ ಗಾಳಿ ಕಿಂಡಿಯಿಂದ ಶೈಲಾಳ ದನಿ. 'ಅಣ್ಣಾ, ಬಾಗಿಲು ತೆಗೆಯೋಕೆ ಬರ್ತಿಲ್ಲ.'

ಎಳೆದೆ. ಬರಲಿಲ್ಲ. ಡ್ರೈವರ್ ಎಳೆದ. ಟ್ರಸ್ಟಿನ ಗುಮಾಸ್ತರು ಎಳೆದರು. ಬಾಗಿಲು ಚೌಕಟ್ಟಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿತ್ತು. ನಾಲ್ಕು ಜನ ಸೇರಿದರೆ ಬೆಂಗಳೂರಿನಲ್ಲಿ ಇಪ್ಪತ್ತು ಸಲಹೆ. ಒಬ್ಬರು ಎಣ್ಣೆ ಅಂದರು, ಒಬ್ಬರು ಸುತ್ತಿಗೆ ಅಂದರು, ಒಬ್ಬರು ವಿಡಿಯೋ ತೆಗೆದರು. ನಾನು ಗಡಾರಿ ಹಾಕಿ ಮೀಟಿದೆ. ಕೆನೆ ಬಣ್ಣ ಕಿತ್ತು ಬಂತು, ಅಷ್ಟೇ.

ಫ್ಯಾನು ಓಡುತ್ತಿತ್ತು, ಗಾಳಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ನನ್ನ ತಂಗಿಯ ಮುಂದಿನ ಹತ್ತು ವರ್ಷಕ್ಕೆ. ಅವಳ ಕೆಲಸ ಒಪ್ಪಬೇಕಾದ ಹೆಂಗಸನ್ನೇ ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದೆ. ಹೆದರಿದ್ದೆ ಅಂತ ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ಮತ್ತೆ ಕಿಂಡಿಯಿಂದ ಶೈಲಾ. 'ಅಣ್ಣಾ, ಮುನಿಯಪ್ಪನವರಿಗೆ ಫೋನ್ ಮಾಡು.' ಆಮೇಲೆ ದನಿ ಬದಲಾಯಿತು. 'ಮೇಡಂ, ನಾವು ಮುಂದುವರಿಸೋಣ. ಕೊನೇ ಸಾಲು ಓದಿ.'

ಒಳಗಿನಿಂದ ಮೇಡಂ ಓದತೊಡಗಿದರು. ಹೊರಗೆ ನಾನು ಫೋನ್ ಮಾಡಿದೆ.

ಮುನಿಯಪ್ಪನವರು ಆಟೋದಲ್ಲಿ ಬಂದರು. ಬಾಗಿಲ ಕಡೆ ನೋಡಲೂ ಇಲ್ಲ. ಚಕ್ರ ನೋಡಿದರು. ಕಲ್ಲು ನೋಡಿದರು. ಹಿಂದಿನ ಕಾರು, ಮುಂದಿನ ಕಂಬ ನೋಡಿದರು. 'ಗಾಡಿ ಇಳಿಸೋಕೆ ಜಾಗ ಇಲ್ಲ. ಸ್ಪ್ಯಾನರ್ ಇದ್ಯಾ?' ಅಂದರು.

ಆ ವಯಸ್ಸಿನಲ್ಲಿ ರಸ್ತೆಯ ಮೇಲೆ ಅಂಗಾತ ಮಲಗಿ ಲಾರಿಯ ಕೆಳಗೆ ಹೋದರು. ನಾನು ಮಂಡಿಯೂರಿ ಟಾರ್ಚ್ ಹಿಡಿದೆ. ನನ್ನ ಎರಡು ಬೋಲ್ಟು. ಚಕ್ರ ಕಲ್ಲು ಹತ್ತಿದಾಗ ತಿರುಚಿಕೊಂಡ ಚಾಸಿ, ಅವುಗಳ ಹಿಡಿತದಿಂದ ಪೆಟ್ಟಿಗೆಯನ್ನೂ ಬಾಗಿಲ ಚೌಕಟ್ಟನ್ನೂ ಜೊತೆಗೇ ತಿರುಚಿತ್ತು. ಒಂದನ್ನು ತಿರುಗಿಸಿದರು, ನಿಧಾನಕ್ಕೆ. ಇನ್ನೊಂದನ್ನು ಸಡಿಲಿಸುತ್ತಿದ್ದ ಹಾಗೇ ಪೆಟ್ಟಿಗೆ ಧಪ್ ಅಂತ ಸದ್ದು ಮಾಡಿ ಒಂದು ಬೆರಳಿನಷ್ಟು ಸರಿದು ಕೂತಿತು.

ಬಾಗಿಲು ಶೈಲಾ ಒಳಗಿನಿಂದ ತಳ್ಳಿದ ಕೂಡಲೇ ತೆರೆದುಕೊಂಡಿತು. ಒಳಗಿನ ದೀಪ ಪಟ್ ಅಂತ ಆರಿತು. ಆ ಕತ್ತಲೆಯಿಂದ ಅಧ್ಯಕ್ಷೆ ಮೇಡಂ, ಸೀರೆಯ ಪಿನ್ ಒಂದೂ ಅಲುಗದೆ, ಮೆಟ್ಟಿಲಿಳಿದು ಬಂದರು.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿದರು. ನಾನು ಮುಚ್ಚಿದೆ.

'ಮೂರು ವರ್ಷದಿಂದ ಎಡಗಣ್ಣಿಗೆ ತಪ್ಪು ನಂಬರ್ ಹಾಕ್ಕೊಂಡಿದೀನಂತೆ,' ಅಂದರು. 'ಬಾಗಿಲು ಸಿಕ್ಕಿಕೊಂಡಾಗಲೂ ಈ ಹುಡುಗಿ ಕೈ ನಡುಗಲಿಲ್ಲ. ಇವಳು ಪಾಸು. ಗಾಡಿ ಫೇಲು. ಬರೋ ಶನಿವಾರ ಸಪ್ಲಿಮೆಂಟರಿ. ಸರಿ ಮಾಡ್ಕೊಂಡು ಬನ್ನಿ.' ನನ್ನ ಕಡೆ ತಿರುಗಿ, 'ಫುಟ್‌ಪಾತು ನಡೆಯೋರಿಗೆ' ಅಂತ ಹೇಳಿ ಒಳಗೆ ಹೋದರು.

ಶೈಲಾ ಲೆನ್ಸುಗಳನ್ನು ಡ್ರಾಯರಿಗೆ ಜೋಡಿಸುತ್ತಿದ್ದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು.

'ಮುನಿಯಪ್ಪನವರು ತಾವಾಗಿ ಶೆಡ್ಡಿಗೆ ಬಂದಿರ್ಲಿಲ್ಲ ಅಣ್ಣಾ,' ಅಂದಳು. 'ನಾನೇ ಕರೆದಿದ್ದೆ. ನನ್ನ ಗಾಡಿ ನೋಡಿ ಅಂತ. ನೀನು ಮೂರು ದಿನ ಕಾಫಿ ಕೊಟ್ಟು ಕಳಿಸಿದೀಯಂತೆ.'

ಐವತ್ತೆರಡು ವರ್ಷದ ಅಣ್ಣ, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವವನು, ತಂಗಿಯ ಗಾಡಿಯನ್ನೂ ಅವಳು ಕರೆದ ಮನುಷ್ಯನ ಮಾತನ್ನೂ ಒಟ್ಟಿಗೆ ಕೂಡಿಹಾಕಿದ್ದ. ಅದಕ್ಕೆ ಹೋಲಿಸಿದರೆ ಹೆಡ್‌ಮಿಸ್ಟ್ರೆಸ್ ಕಡಿಮೆ ಹೊತ್ತು ಒಳಗಿದ್ದರು.

ಆದರೂ ಹೇಳುತ್ತೇನೆ, ಬರುವ ಶನಿವಾರ ಆ ಗಾಡಿ ಪಾಸಾಗುತ್ತದೆ. ನನಗೆ ಯಾವ ಅನುಮಾನವೂ ಇಲ್ಲ. ಯಾಕೆಂದರೆ ಬ್ರಾಕೆಟ್ ಬಿಚ್ಚಿ ಬಾಬು ಕೈಗೆ ಕೊಟ್ಟಾಗಿದೆ, ಇನ್ನು ಸ್ಪ್ಯಾನರ್ ಶೈಲಾಳ ಬಳಿ ಇರುತ್ತದೆ, ಮತ್ತು ಮುನಿಯಪ್ಪನವರು ದಿನಾ ಶೆಡ್ಡಿಗೆ ಬರಲು ಒಪ್ಪಿದ್ದಾರೆ.

ಅವತ್ತು ಅವರು ಲಾರಿಯ ಕೆಳಗಿನಿಂದ ಎದ್ದು, ಬೆನ್ನಿನ ಧೂಳು ಕೊಡವಿಕೊಂಡು, ಹಳೇ ಬಟ್ಟೆಯಲ್ಲಿ ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದರು. ಹತ್ತಿರ ಹೋದೆ. ರೂಢಿ ನೋಡಿ, ಬಾಯಿಗೆ ಬಂದದ್ದು ಅದೇ. 'ಬನ್ನಿ ಸಾರ್, ಒಂದು ಕಾಫಿ ಕುಡಿಯೋಣ,' ಅಂದೆ.

ಮುನಿಯಪ್ಪನವರು ನನ್ನ ಮುಖ ನೋಡಿದರು. ಕೇಳಿಸಿಕೊಳ್ಳುತ್ತಿದ್ದೇನಾ ಅಂತ ಖಾತ್ರಿ ಮಾಡಿಕೊಂಡರು.

'ಕುಡಿಯೋಣ ಸಾರ್,' ಅಂದರು. 'ಈ ಸಲ ನಾನು ಹೇಳೋದು ಮುಗಿದ್ಮೇಲೆ.'