ನಾಲ್ಕನೇ ಲ್ಯಾಬಿನ ಗಾಜು

ಸರ್ಕಾರಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಅವಳನ್ನು ಎಲ್ಲರೂ ಗಾಜಿನಮ್ಮ ಎಂದೇ ಕರೆಯುತ್ತಿದ್ದರು. ನೆಲಮಹಡಿಯ ತೊಳೆಯುವ ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ಒಂದೇ ಕೆಲಸ. ಮೇಲಿನ ಲ್ಯಾಬುಗಳಿಂದ ಟ್ರೇಗಳಲ್ಲಿ ಇಳಿದು ಬರುವ ಫ್ಲಾಸ್ಕು, ಬೀಕರುಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಉಜ್ಜಿ, ಜಾಲಿಸಿ, ಬೋರಲು ಹಾಕಬೇಕು. ಓದು ನಾಲ್ಕನೇ ತರಗತಿಗೇ ನಿಂತಿದ್ದರೂ, ಯಾವ ಲ್ಯಾಬಿನಲ್ಲಿ ಕೆಲಸ ನಡೆಯುತ್ತಿದೆ, ಯಾವುದರಲ್ಲಿ ನೊಣ ಹೊಡೆಯುತ್ತಿದ್ದಾರೆ ಎಂಬುದು ಟ್ರೇ ನೋಡಿದರೇ ಅವಳಿಗೆ ತಿಳಿಯುತ್ತಿತ್ತು.

ಸಂಶೋಧನೆಗೆ ಸೇರಲು ಬಂದ ಹುಡುಗ ಹುಡುಗಿಯರು ದಾರಿ ತಪ್ಪಿ ಅವಳ ಕೋಣೆಗೆ ಬಂದರೆ, ಕುಡಿಯಲು ನೀರು ಕೊಟ್ಟು, ಕಟ್ಟಡದ ಬಣ್ಣ ನೋಡಿ ಮರುಳಾಗಬೇಡಿ, ಗಾಜು ಕೊಳೆಯಾಗುವ ಕಡೆ ಸೇರಿ ಎನ್ನುತ್ತಿದ್ದಳು. ಪ್ರಾಸ್ಪೆಕ್ಟಸ್ ಅಚ್ಚು ಹಾಕಿಸುವುದೇ ದಂಡ, ನಿನ್ನ ಸಿಂಕಿನ ಮುಂದೆ ಒಂದು ಬೆಂಚು ಹಾಕಿಸಿದರೆ ಸಾಕು ಎಂದು ಸ್ಟೋರಿನವನು ರೇಗಿಸುತ್ತಿದ್ದ.

ಅವಳ ಮಗಳು ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಅರ್ಜಿ ಹಾಕಿದಾಗ ಇಬ್ಬರು ಮೇಷ್ಟ್ರುಗಳ ಬಳಿ ಜಾಗವಿತ್ತು. ಮಗಳಿಗೆ ಮನಸ್ಸಿದ್ದುದು ಮೂಲೆಯ ಲ್ಯಾಬಿನ ಮೇಲೆ. ಅಲ್ಲಿಂದ ವಾರಕ್ಕೆ ನಾಲ್ಕು ಫ್ಲಾಸ್ಕು ಬಂದರೆ ಹೆಚ್ಚು. ಇನ್ನೊಬ್ಬರ ನಾಲ್ಕನೇ ಲ್ಯಾಬಿನಿಂದ ದಿನಾ ಎರಡು ಟ್ರೇ ತುಂಬಿ ಬರುತ್ತಿತ್ತು.

"ಆ ಮೂಲೇಲಿ ಕೂತ್ರೆ ತುಕ್ಕು ಹಿಡೀತೀಯ. ನಾಲ್ಕನೇದಕ್ಕೆ ಸೇರು, ಅಲ್ಲಿ ಕೆಲ್ಸ ಇದೆ" ಎಂದಳು ತಾಯಿ.

ತನ್ನ ಓದಿನ ವಿಷಯದಲ್ಲಿ ಅಮ್ಮ ಬಾಯಿ ಬಿಟ್ಟಿದ್ದು ಅದೇ ಮೊದಲು. ಮಗಳು ಮರುಮಾತಾಡದೆ ಸೇರಿದಳು.

ಆಮೇಲೆ ಟ್ರೇಗಳಲ್ಲಿ ಮಗಳ ಕೈಬರಹದ ಚೀಟಿ ಅಂಟಿಸಿದ ಫ್ಲಾಸ್ಕುಗಳು ಕಾಣತೊಡಗಿದವು. ಮೊದಮೊದಲು ಗಾಜಿನಮ್ಮ ಆ ಫ್ಲಾಸ್ಕುಗಳನ್ನು ಬೇರೆಯಾಗಿ ಎತ್ತಿಟ್ಟು, ಮನಸ್ಸಿನಲ್ಲೇ ದೇವರನ್ನು ನೆನೆದು ತೊಳೆಯುತ್ತಿದ್ದಳು. ಮೂರನೇ ವರ್ಷ ಅವಳಿಗೆ ಅನುಮಾನ ಬಂತು. ಚೀಟಿಯ ಮೇಲೆ ಪ್ರತಿ ಸಲವೂ ಪ್ರಯೋಗದ ಅದೇ ಅಂಕಿ, ಫ್ಲಾಸ್ಕಿನ ತಳದಲ್ಲಿ ಅದೇ ಕಂದು ಕಲೆ.

ಕೇಳಿದಾಗ ಮಗಳು ತಡೆದು ತಡೆದು ಹೇಳಿದಳು. ಮಾಡಿದ ಪದಾರ್ಥವನ್ನು ಪರೀಕ್ಷಿಸುವ ಯಂತ್ರ ಕೆಟ್ಟು ಆರು ವರ್ಷವಾಗಿತ್ತು. ರಿಪೇರಿಯ ಫೈಲು ಆಫೀಸಿನಲ್ಲೇ ಮಲಗಿತ್ತು. ಬೇರೆ ಊರಿಗೆ ಕಳಿಸಿದರೆ ಪದಾರ್ಥ ದಾರಿಯಲ್ಲೇ ಹಾಳಾಗುತ್ತದೆ. ಹಾಗಾಗಿ ಯಂತ್ರ ಸರಿಯಾಗುವವರೆಗೆ, ಮಾಡಿಟ್ಟದ್ದು ಕೆಟ್ಟಂತೆಲ್ಲ ಮೇಷ್ಟ್ರು ಮತ್ತೆ ಮಾಡಿ, ಮತ್ತೆ ಮಾಡಿ ಎನ್ನುತ್ತಾರೆ. ಆ ಲ್ಯಾಬಿನಿಂದ ಯಾರೂ ಪದವಿ ಪಡೆದು ಹೊರಗೆ ಹೋಗಿ ಬಹಳ ಕಾಲವಾಗಿತ್ತು. ಆ ಯಂತ್ರದ ಹಂಗಿಲ್ಲದ ಮೂಲೆಯ ಲ್ಯಾಬಿನವರೋ, ಒಂದೆರಡು ಹನಿಯಲ್ಲೇ ಪರೀಕ್ಷೆ ಮುಗಿಸಿ, ಕೂತು ಬರೆದು, ಅಷ್ಟರಲ್ಲಿ ಮೂವರು ಡಾಕ್ಟರೇಟ್ ಪಡೆದಿದ್ದರು.

ಸಂಶೋಧನೆಯ ನೋಂದಣಿಯ ಅವಧಿ ಮುಗಿಯಲು ಕೆಲವೇ ತಿಂಗಳಿರುವಾಗ, ಮಗಳನ್ನು ಸೇರಿಸಿಕೊಳ್ಳಿ ಎಂದು ಕೇಳಲು ಗಾಜಿನಮ್ಮ ತಾನೇ ಮೂಲೆಯ ಮೇಷ್ಟ್ರ ಬಾಗಿಲಿಗೆ ಹೋದಳು. ಅವರು ಎದ್ದು ಕುರ್ಚಿ ಕೊಟ್ಟರು. ಒಬ್ಬ ಮೇಷ್ಟ್ರ ಕೈಕೆಳಗೆ ಇಷ್ಟೇ ಜನ ಇರಬೇಕೆಂಬ ನಿಯಮವಿದೆ ಎಂದರು.

"ಆವತ್ತು ಬಂದಿದ್ರೆ ಒಂದು ಜಾಗ ಇತ್ತಮ್ಮ. ಈಗ ನನ್ನ ಕೈ ಕಟ್ಟಿದೆ."

ಅವಧಿ ವಿಸ್ತರಿಸಲು ಕೊಟ್ಟ ಅರ್ಜಿ ಒಂದೇ ಸಾಲಿನ ಉತ್ತರದೊಂದಿಗೆ ವಾಪಸು ಬಂತು. ನೋಂದಣಿ ರದ್ದಾಗಿತ್ತು. ಅದನ್ನು ಓದಿ ಹೇಳಿದ ಮೇಲೆ ಮಗಳು ಕಾಗದವನ್ನು ಮಡಿಸಿಟ್ಟಳು.

"ಎಷ್ಟು ಪಾತ್ರೆ ಬರ್ತವೆ ಅಂತ ನೀನು ನೋಡ್ದೆ. ಎಷ್ಟು ಜನ ಮುಗಿಸಿ ಹೋದ್ರು ಅಂತ ನಾನಾದ್ರೂ ಕೇಳ್ಬೇಕಿತ್ತು. ಬಿಡಮ್ಮ."

ಬೈದಿದ್ದರೆ ತಾಯಿಗೆ ಹಗುರವಾಗುತ್ತಿತ್ತೇನೋ.

ಮರುದಿನ ಮಗಳು ಮೇಜು ಖಾಲಿ ಮಾಡಿ, ಕೊನೆಯ ಟ್ರೇಯನ್ನು ತಾನೇ ಹೊತ್ತು ಕೆಳಗಿಳಿದಳು. ಪಕ್ಕದ ಸಿಂಕಿನ ಮುಂದೆ ನಿಂತು ಬ್ರಷ್ಷು ತೆಗೆದುಕೊಂಡಳು. ನೆನೆಹಾಕದೆ ಒಣ ಕಲೆಯನ್ನೇ ಜೋರಾಗಿ ಉಜ್ಜತೊಡಗಿದಳು. ಹಾಗೆ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಗಾಜಿನಮ್ಮ ಹೇಳಲೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು, ತನ್ನ ಮುಂದಿದ್ದ ಬೀಕರನ್ನು ಕೈಗೆತ್ತಿಕೊಂಡಳು.