ಎಣಿಸದೆ ಬಿಟ್ಟ ಮೂರನೆಯ ತಾಸು

ಇನ್ನೊಂದು ತಾಸು ನಿಂತು ಮಂದಿಯನ್ನು ಎಣಿಸಬೇಕಿತ್ತು. ನಾನು ಎಣಿಸಲಿಲ್ಲ. ಎಣಿಸಿದ್ದೇನೆ ಎಂದು ಬರೆದುಕೊಟ್ಟೆ.

ಎಂಬತ್ತರ ದಶಕದ ಕೊನೆಯ ಮಾತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಬೆಟಗೇರಿಯ ನಮ್ಮ ಮನೆಯ ಮಗ್ಗಕ್ಕೆ ಕೂತವನು ನಾನು. ತಂಗಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ಕಾಲೇಜಿನ ಕಂಪ್ಯೂಟರಿನೊಳಗೆ ನಮ್ಮ ಓಣಿಗಳನ್ನೇ ಲೆಕ್ಕದಲ್ಲಿ ಕಟ್ಟಿ, ಹೋಳಿಯ ಬಣ್ಣದಾಟದ ದಿನ ಸೇರುವ ಮಂದಿಯನ್ನು ಅದರಲ್ಲಿ ಓಡಾಡಿಸಿ, ಯಾವ ಓಣಿ ಎಷ್ಟು ಜನರನ್ನು ತಾಳುತ್ತದೆ ಎಂದು ನೋಡುವುದು ಅವಳ ಕೆಲಸ.

"ಹಬ್ಬ ಬರೂಕಿಂತ ಮೊದಲ ಹಬ್ಬ ಮಾಡಿ ನೋಡೂದು ಅಣ್ಣಾ."

"ಮಷೀನಿನ್ಯಾಗ ಬಣ್ಣಾ ಯಾರ ಮಾರಿಗೆ ಬೀಳತೈತಿ?"

"ನಿನ್ನ ಮಾರಿಗೆ. ಸುಮ್ನ ಎಣಸು. ತಾಸಿಗೆ ಎಷ್ಟು ಮಂದಿ ಹಾದ್ರು, ಅಷ್ಟ ಬೇಕು."

ಆ ವರ್ಷದ ಬಣ್ಣದಾಟದ ದಿನ ನಮ್ಮ ಓಣಿಯ ಇಕ್ಕಟ್ಟಾದ ತಿರುವಿನಲ್ಲಿ ನನ್ನನ್ನು ನಿಲ್ಲಿಸಿದಳು. ಇಪ್ಪತ್ತು ಜನ ದಾಟಿದರೆ ನೂಲಿಗೊಂದು ಗಂಟು. ಎರಡು ತಾಸು ಸರಿಯಾಗಿ ಹಾಕಿದೆ. ಮೂರನೆಯದು ಶುರುವಾದಾಗ ಹಲಗೆ ವಾದ್ಯ ಬಡಿಯುತ್ತ ಗೆಳೆಯರು ಬಂದರು.

"ಏನಲೇ, ಕನ್ಯಾ ನೋಡಾಕ ಬಂದಾವ್ರಂಗ ನಿಂತಿ! ಹಲಗಿ ಹಿಡಿ ಬಾ!"

ಹೋದೆ. ಮರಳಿ ಬರುವಷ್ಟರಲ್ಲಿ ತಾಸು ಮುಗಿದಿತ್ತು. ಸೀರೆಯ ಅಂಚಿನ ಚಿತ್ತಾರದಲ್ಲಿ ಎಳೆ ತಪ್ಪಿದರೆ ಹಿಂದೆ ನೇಯ್ದದ್ದನ್ನು ನೋಡಿ ತುಂಬುತ್ತೇವೆ. ಹಾಗೆಯೇ ಎರಡನೆಯ ತಾಸಿನ ಅಂಕಿಯನ್ನು ಮೂರನೆಯದಕ್ಕೆ ಬರೆದೆ. ಅನುಮಾನ ಬರಬಾರದೆಂದು ಹತ್ತಿಪ್ಪತ್ತು ಹೆಚ್ಚು ಹಾಕಿದೆ. ಸೀರೆಯಲ್ಲಿ ಹಾಗೆ ಮಾಡುವುದಿಲ್ಲ. ಮುಂಡರಗಿ, ಶಿರಹಟ್ಟಿ ಬಸ್ಸುಗಳಿಂದ ಇಳಿದ ಮಂದಿಯೆಲ್ಲ ನಮ್ಮ ತಿರುವಿಗೆ ನುಗ್ಗುವುದು ಅದೇ ತಾಸಿನಲ್ಲಿ.

ಮರುವರ್ಷ ತಂಗಿಯ ಲೆಕ್ಕದ ಕಾಗದ ಓಣಿಯ ಹಿರಿಯರ ಕೈಗೆ ಬಂತು. ನಮ್ಮ ತಿರುವಿನಲ್ಲಿ ಜಾಗವಿದೆ, ಬಣ್ಣದ ಪೀಪಾಯಿಯ ಬಂಡಿಯನ್ನು ಅಲ್ಲಿ ನಿಲ್ಲಿಸಬಹುದು ಎಂದು ಅದರಲ್ಲಿತ್ತು. ಬಣ್ಣದಾಟದ ಮುಂಜಾನೆ ಬಂಡಿಯನ್ನು ಗೋಡೆಯ ಹತ್ತಿರ ನಿಲ್ಲಿಸಿದಾಗ ನನಗೆ ಆ ಮೂರನೆಯ ತಾಸು ನೆನಪಾಯಿತು. ತಂಗಿ ಗಾಲಿಯ ಪಕ್ಕ ನೋಟುಬುಕ್ಕು ಹಿಡಿದು ನಿಂತಿದ್ದಳು.

"ಈ ಕಡೆ ಬಾರವ್ವ."

"ಯಾಕಣ್ಣಾ?"

ಹೇಳಬಹುದಿತ್ತು. "ಬಿಸಲೈತಿ" ಎಂದೆ. ಅವಳು ನಕ್ಕಳು.

ಒಂದನೆಯ ತಾಸು ಹೋಯಿತು. ಎರಡನೆಯದೂ ಹೋಯಿತು. ಆಮೇಲೆ ಹಲಗೆಯ ಸದ್ದು ಹತ್ತಿರವಾಯಿತು. ಎದುರಿನಿಂದ ಬಸ್ಸಿನ ಮಂದಿ, ಹಿಂದಿನಿಂದ ಮೆರವಣಿಗೆ. ಯಾರಿಗೂ ತಿರುಗಲು ಜಾಗವಿಲ್ಲ. ಪೀಪಾಯಿ ಉರುಳಿತು, ಬಂಡಿ ಹಿಂದಕ್ಕೆ ಸರಿಯಿತು. ಗಾಲಿ ಮತ್ತು ಗೋಡೆಯ ನಡುವೆ ತಂಗಿಯ ಎಡಗೈ ಸಿಕ್ಕಿತು. ಅವಳು ಕೂಗಿದ್ದು ಹಲಗೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಬಾಯಿ ತೆರೆದದ್ದಷ್ಟೇ ಕಂಡಿತು. ಆ ಕೈಯ ಎರಡು ಬೆರಳು ಮುಂದೆಂದೂ ಮಡಚಲಿಲ್ಲ.

"ಮಷೀನ ನಂಬಿ ಕೆಟ್ಟಿವಿ ನೋಡವಾ," ಎಂದು ಹಿರಿಯರೊಬ್ಬರು ಮನೆಗೆ ಬಂದು ಅಂದರು.

"ನನ್ನ ಲೆಕ್ಕಾ ತಪ್ಪೇತ್ರಿ," ಎಂದಳು ತಂಗಿ. ನಾನು ಅಲ್ಲೇ ನಿಂತಿದ್ದೆ.

ಒಂದು ತಿಂಗಳು ಒಂದೇ ಕೈಯಲ್ಲಿ ಕಂಪ್ಯೂಟರಿನ ಉದ್ದುದ್ದ ಹಾಳೆ ತಿರುವುತ್ತ ತಪ್ಪು ಹುಡುಕಿದಳು. ನಾನು ಮಗ್ಗದಲ್ಲಿ ಲಾಳಿ ಎಸೆಯುತ್ತಲೇ ಇದ್ದೆ. ಒಂದು ಮಧ್ಯಾಹ್ನ ಹಾಳೆಗಳನ್ನು ಮಡಚಿ ಕಟ್ಟಿದಳು.

"ಸಿಗವಲ್ದು ಅಣ್ಣಾ. ಕಾಲೇಜಿಗೆ ಹೋಗೂದಿಲ್ಲ ಇನ್ನ. ನನ್ನ ತಲಿಗೆ ಇದು ಆಗೂದಲ್ಲ."

ಮಗ್ಗದ ಕುಣಿಯಿಂದ ಎದ್ದು ಬಂದೆ. ಕಟ್ಟು ಬಿಚ್ಚಿ, ಮೂರನೆಯ ತಾಸಿನ ಅಂಕಿಯ ಮೇಲೆ ಬೆರಳಿಟ್ಟೆ.

"ಇದು ನಾ ಎಣಿಸಿದ್ದಲ್ಲವ್ವ. ಹಲಗಿ ಬಡಿಯಾಕ ಹೋಗಿದ್ದೆ. ಮ್ಯಾಲಿಂದು ನೋಡಿ ಬರದೆ. ನಿನ್ನ ಲೆಕ್ಕಾ ಖರೇನ ಇತ್ತು. ನಿನ್ನ ಕೈ ಕೆಡಿಸಿದಾಂವ ನಾನು. ತಪ್ಪಾತು ತಂಗಿ, ನನ್ನ ಕ್ಷಮಿಸು."