ಮುಳುಗುವ ಮೊದಲು ತಿಂದ ರೊಟ್ಟಿ

ಪಾಸ್ಟರಮ್ಮನ ಬಲಗಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಎಡವಿ ಎಡವಿ ಹೋದದ್ದು. ನೆಲ ನೋಡಿ ನಡೆಯುವ ಹೆಂಗಸಲ್ಲ ಅವರು. ಕಣ್ಣು ಯಾವಾಗಲೂ ಮುಂದಿನ ಮನೆಯ ಮೇಲೆ. ಕೂತಲ್ಲಿಯೂ ಆ ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಬಾಗಿಲ ಹಿಂದೆ ಒಂದು ಬ್ಯಾಗು ಸದಾ ತಯಾರು: ಒಂದು ಸೀರೆ, ಸಕ್ಕರೆ ಕಾಯಿಲೆಯ ಮಾತ್ರೆ, ಬೈಬಲ್ಲು, ಬಿಸ್ಕೆಟು. ಊಟ ನಿಂತೇ. ರೋಗಿಯ ಮನೆಗೆ ಪ್ರಾರ್ಥನೆಗೆ ಹೋದರೆ ಆಮೆನ್ ಮುಗಿಯುವ ಮೊದಲೇ "ಆಯಿತಲ್ಲ, ಹೊರಡುವ" ಎನ್ನುತ್ತಿದ್ದರು. ಕೆಲವರಿಗೆ ಅದು ಸರಿ ಕಾಣುತ್ತಿರಲಿಲ್ಲ. ನನಗೂ ಕಾಣುತ್ತಿರಲಿಲ್ಲ.

ಮಂಜೇಶ್ವರದಲ್ಲಿ ನಮ್ಮದು ಬ್ಯಾಪ್ಟಿಸ್ಟರ ಸಣ್ಣ ಸಭೆ. ಶೀಟು ಹೊದೆಸಿದ ಒಂದು ಹಾಲು, ಇಪ್ಪತ್ತು ಇಪ್ಪತ್ತೈದು ಮನೆಯವರು. ಅವರ ಗಂಡ ಅಲ್ಲಿ ಪಾಸ್ಟರು. ನಾನು ಬೀಡಿ ಕಟ್ಟುವವಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ಗಂಡ ದೋಣಿ ಮಗುಚಿ ಸತ್ತ ವರ್ಷ ಪಾಸ್ಟರಮ್ಮ ನನ್ನ ಜಗಲಿಗೆ ಬಂದರು. ಸಮಾಧಾನದ ಒಂದು ಮಾತೂ ಹೇಳದೆ ಕತ್ತರಿ ತೆಗೆದುಕೊಂಡು ಬೀಡಿ ಎಲೆ ಕತ್ತರಿಸಲು ಕೂತರು. ಅರ್ಧ ಕಟ್ಟು ಎಲೆ ಹಾಳು ಮಾಡಿದರು. ಎದ್ದು ಹೋಗಿ ಎಂದೆ. ಹೋದರು, ಮರುದಿನ ಮತ್ತೆ ಬಂದರು. ನಾನು ಸಭೆಗೆ ಹೋಗತೊಡಗಿದ್ದು ಹಾಗೆ.

ಹೋದೆ, ಆದರೆ ಮುಳುಗಲಿಲ್ಲ. ನಮ್ಮಲ್ಲಿ ದೀಕ್ಷಾಸ್ನಾನ ಎಂದರೆ ತಲೆಗೆ ನೀರು ಚಿಮುಕಿಸುವುದಲ್ಲ. ಇಡೀ ಆಳು ನೀರಿನೊಳಗೆ ಹೋಗಿ ಏಳಬೇಕು. ಅದು ನಡೆಯುವುದು ಕಡಲಲ್ಲಿ. ಗಂಡನನ್ನು ತಿಂದ ಕಡಲಿಗೆ ಕಾಲಿಡುವುದಿಲ್ಲ ಎಂದು ನಾನು ಹೇಳಿಬಿಟ್ಟಿದ್ದೆ. ಮುಳುಗದವರಿಗೆ ಕರ್ತನ ಭೋಜನದ, ಎಂದರೆ ಯೇಸುವಿನ ನೆನಪಿಗೆ ಹಂಚಿ ತಿನ್ನುವ ರೊಟ್ಟಿ ಇಲ್ಲ. ತಿಂಗಳ ಮೊದಲ ಆದಿತ್ಯವಾರ ಹೆಂಗಸರ ಸಾಲಿಗೆ ತಟ್ಟೆ ತರುವವರು ಪಾಸ್ಟರಮ್ಮ. ನನ್ನ ಎದುರು ಬಂದಾಗ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು, ಮೆಲ್ಲಗೆ "ಯಾವಾಗ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ನಾನು "ನೋಡುವ" ಎನ್ನುತ್ತಿದ್ದೆ. ಹದಿನೇಳು ವರ್ಷ ಇದೇ ಮಾತು.

ನೇಪಾಳಕ್ಕೆ ಹೋಗುವ ಹುಚ್ಚು ಅವರದ್ದೇ. ಇಲ್ಲಿ ಮೀನಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದ ನೇಪಾಳದ ಹುಡುಗಿಯೊಬ್ಬಳು ನಮ್ಮ ಸಂಜೆಯ ಪ್ರಾರ್ಥನೆಗೆ ಬರುತ್ತಿದ್ದಳು, ತುಳು ಕಲಿತಿದ್ದಳು. ಮದುವೆಯಾಗಿ ಊರಿಗೆ ಹೋದಮೇಲೆ, ಇಲ್ಲಿ ಗುಡ್ಡದ ಮೇಲೆ ನಮ್ಮವರದ್ದೇ ಸಭೆ ಉಂಟು, ಬನ್ನಿ ಎಂದು ಫೋನು ಮಾಡಿದಳು. ಪಾಸ್ಟರರ ಮೊಣಕಾಲು ಸರಿಯಿರಲಿಲ್ಲ. "ಹೆಂಗಸರೇ ಹೋಗುವ" ಎಂದರು ಪಾಸ್ಟರಮ್ಮ. ಆರು ಜನ ಹೊರಟೆವು. ಪಾಸ್‌ಪೋರ್ಟು ಬೇಡ, ವೋಟಿನ ಕಾರ್ಡು ಸಾಕು ಎಂದಾಗ, ಹಾಗಾದರೆ ಅದು ಎಂತ ವಿದೇಶ ಎಂದು ನಾನು ಕೇಳಿದ್ದೆ. ಮೂರು ದಿನ ರೈಲು, ಆಮೇಲೆ ಗಡಿ ದಾಟಿ ಬಸ್ಸು, ಕೊನೆಗೆ ಜೀಪು. ರೈಲಿನಲ್ಲಿ ಪಾಸ್ಟರಮ್ಮ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದದ್ದೇ ನಡೆದದ್ದು. ನೀವು ನಡೆದರೆ ರೈಲು ಬೇಗ ಮುಟ್ಟುವುದಿಲ್ಲ ಎಂದೆ. ನಕ್ಕರು, ಕೂರಲಿಲ್ಲ.

ಕರೆದುಕೊಂಡು ಹೋಗಲು ಬಂದಿದ್ದ ಆ ಹುಡುಗಿ ಜೀಪಿನಲ್ಲಿ ತನ್ನ ಸಭೆಯವರ ಕಥೆ ಹೇಳಿದಳು. ಹಿಂದೆ ಅವರ ಕೈಯ ನೀರನ್ನು ಊರಿನ ಬೇರೆ ಜನ ಕುಡಿಯುತ್ತಿರಲಿಲ್ಲವಂತೆ. ಈಗಲೂ ಮುದುಕರು ಹೊರಗಿನವರಿಗೆ ಲೋಟ ಕೊಟ್ಟರೆ ಮೊದಲು ಅವರ ಮುಖ ನೋಡುತ್ತಾರಂತೆ. ಅವಳು ಹೇಳಿದ್ದು ನಿಜ. ಇಳಿದ ಕೂಡಲೇ ಒಬ್ಬ ಮುದುಕ ನನಗೆ ಚಾ ಕೊಟ್ಟು, ನಾನು ಕುಡಿಯುವವರೆಗೂ ಅಲ್ಲೇ ನಿಂತಿದ್ದ.

ಅವರ ಸಭೆಯ ಹಾಲಿನ ಹಿಂದೆ ಒಂದು ಗುಂಡಿ, ಅದರೊಳಗೆ ನೀಲಿ ಟರ್ಪಾಲು. ಹೊಳೆಯ ನೀರು ಮೈ ಕೊರೆಯುತ್ತದೆಂದು ಅವರು ದೀಕ್ಷಾಸ್ನಾನ ಕೊಡುವುದು ಆ ಗುಂಡಿಯಲ್ಲಿ. ಹೆಂಗಸರು ಮನೆಮನೆಯಿಂದ ಬಿಸಿನೀರು ತಂದು ಸುರಿಯುತ್ತಾರಂತೆ. ಪಾಸ್ಟರಮ್ಮ ಗುಂಡಿಗೆ ಮೂರು ಸುತ್ತು ಬಂದು ನನ್ನನ್ನು ನೋಡಿದರು. ನಾನು ಆಚೆ ತಿರುಗಿದೆ.

ಮರುದಿನ ಆದಿತ್ಯವಾರ. ಹುಡುಗಿ ನಮಗಾಗಿ ಅಡಿಗೆ ಮಾಡುತ್ತಾ ತನ್ನ ಮನೆಯಲ್ಲಿದ್ದಳು. ರೊಟ್ಟಿಯ ಹೊತ್ತಿಗೆ ಆ ಚಾದ ಮುದುಕ ತಟ್ಟೆ ತಂದು ಸೀದಾ ನನ್ನ ಕೈಯಲ್ಲಿಟ್ಟು, ಎಲ್ಲರಿಗೂ ಕೊಡು ಎಂದು ಸನ್ನೆ ಮಾಡಿದ. ಬಂದವರಲ್ಲಿ ಹಿರಿಯರು ಹಂಚುವುದು ಅಲ್ಲಿಯ ಕ್ರಮವಂತೆ, ಆಮೇಲೆ ಗೊತ್ತಾದದ್ದು. ಹಿರಿಯಳು ನಾನೇ, ಎಪ್ಪತ್ತೊಂದು. ನಾನು ಮುಳುಗದವಳು ಎಂದು ಯಾವ ಭಾಷೆಯಲ್ಲಿ ಹೇಳಲಿ? ತಟ್ಟೆ ಹಿಂದೆ ಕೊಟ್ಟರೆ ಅವರು ಅದಕ್ಕೆ ಒಂದೇ ಅರ್ಥ ಮಾಡುತ್ತಿದ್ದರು: ಇವಳಿಗೂ ನಮ್ಮ ಕೈಯದ್ದು ಬೇಡ. ಇಡೀ ಸಭೆ ನನ್ನ ಕೈ ನೋಡುತ್ತಿತ್ತು.

ನಾನು ಪಾಸ್ಟರಮ್ಮನ ಕಡೆ ನೋಡಿದೆ. ಹದಿನೇಳು ವರ್ಷ ತಟ್ಟೆಯನ್ನು ನನ್ನಿಂದ ದೂರ ಹಿಡಿದವರು. ಅವರ ಕಾಲು ನಿಂತಿತ್ತು. ಅದು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವರು ಎದ್ದು ಬಂದು ನನ್ನ ಕೈಯಿಂದಲೇ ಮೊದಲ ತುಂಡು ತೆಗೆದು ಬಾಯಿಗೆ ಹಾಕಿಕೊಂಡರು.

"ಮುಂದೆ ಹೋಗಿ ಅಕ್ಕ," ಎಂದರು.

ಹಂಚಿದೆ. ಕೊನೆಗೆ ಒಂದು ತುಂಡು ಉಳಿಯಿತು. ಮುದುಕ ನನ್ನ ಬಾಯಿಯ ಕಡೆ ಕೈ ತೋರಿಸಿದ. ತಿಂದೆ. ಮೆಕ್ಕೆಜೋಳದ ರೊಟ್ಟಿ, ಒಣಗಿತ್ತು.

ಗುಡ್ಡ ಇಳಿದು ಬಸ್ಸು ಗಡಿಯ ಹತ್ತಿರ ಮುಟ್ಟುವಾಗ ಪಾಸ್ಟರಮ್ಮ ಹೇಳಿದರು: "ಕ್ರಮ ಹಿಂದುಮುಂದಾಯಿತು. ಮುಳುಗಿ ತಿನ್ನಬೇಕಿತ್ತು, ತಿಂದಾಯಿತು. ಇನ್ನು ಮುಳುಗಿ. ನೀವು ಮುಳುಗುವವರೆಗೆ ನಾನೂ ತಿನ್ನುವುದಿಲ್ಲ. ನಿಮ್ಮನ್ನು ತಿನ್ನಲು ಬಿಟ್ಟದ್ದು ನಾನಲ್ಲವಾ."

ನನಗೆ ಸಿಟ್ಟು ಬಂತು. ಇದು ಎಂತ ಬೆದರಿಕೆಯಾ ಎಂದು ಕೇಳಿದೆ. ಅಲ್ಲ, ಲೆಕ್ಕ ಸರಿ ಮಾಡುವುದು ಎಂದರು.

ಜೂನ್ ತಿಂಗಳ ಮೊದಲ ಆದಿತ್ಯವಾರ ಅವರು ಎಲ್ಲರಿಗೂ ಕೊಟ್ಟು, ತಾವು ತಿನ್ನದೆ ತಟ್ಟೆ ಕೆಳಗಿಟ್ಟರು. ಪಾಸ್ಟರರ ಹೆಂಡತಿ ತಿನ್ನದಿದ್ದರೆ ಜನ ಸುಮ್ಮನಿರುತ್ತಾರಾ? ಗಂಡ ಹೆಂಡತಿಗೆ ಜಗಳ ಎಂದರು, ಅಲ್ಲಿ ಹೋಗಿ ಏನೋ ಆಗಿದೆ ಎಂದರು. ಪಾಸ್ಟರರೂ ಕೇಳಿದರಂತೆ. ನನ್ನ ಹೆಸರು ಮಾತ್ರ ಪಾಸ್ಟರಮ್ಮನ ಬಾಯಿಂದ ಬರಲಿಲ್ಲ, ಜೊತೆಗೆ ಬಂದಿದ್ದ ನಾಲ್ವರಿಗೂ ಹೇಳಬೇಡಿ ಎಂದಿದ್ದರು. ನನ್ನ ಜಗಲಿಗೆ ಬಂದು, ಕಡಲು ಬೇಡ ಅಕ್ಕ, ಮೀನಿನ ಶೆಡ್ಡಿನಿಂದ ಟರ್ಪಾಲು ಕೇಳಿದ್ದೇನೆ, ಬಿಸಿನೀರು ನಾನೇ ಕಾಸುತ್ತೇನೆ ಎಂದರು. ಕಡಲಿನ ನೆವ ಹೋಯಿತು. ನಾನು ಮಳೆಯ ನೆವ ಹಿಡಿದೆ: ಈ ಶೀತದಲ್ಲಿ ಬೇಡ, ಆಟಿಯ ಮಳೆ ತಿಂಗಳು ಕಳೆಯಲಿ.

ಜುಲೈಯಲ್ಲೂ ಅವರು ತಿನ್ನಲಿಲ್ಲ. ತಟ್ಟೆ ಹಿಡಿದ ಕೈ ಸಪೂರ ಆಗಿತ್ತು. ನನ್ನ ಎದುರು ನಿಂತರು, "ಯಾವಾಗ?" ಎಂದೂ ಕೇಳಲಿಲ್ಲ.

ಆ ತಿಂಗಳ ಕೊನೆಗೆ, ಯಾರದೋ ಮನೆಯಿಂದ ಪ್ರಾರ್ಥನೆ ಮುಗಿಸಿ ಹೊರಟವರು ಮೆಟ್ಟಿಲಲ್ಲೇ ಬಿದ್ದರು. ಆಸ್ಪತ್ರೆ ಮುಟ್ಟಲಿಲ್ಲ. ಹೃದಯ ಎಂದರು ಡಾಕ್ಟರು. ಪೆಟ್ಟಿಗೆಯಲ್ಲಿ ಆ ಕಾಲಿಗೆ ಬಿಳಿ ಸಾಕ್ಸು ಹಾಕಿದ್ದರು. ನಾನು ಅಳಲಿಲ್ಲ. ಅಳುವುದಕ್ಕೆ ಮುಖ ಇರಲಿಲ್ಲ.

ಮಣ್ಣು ಮಾಡಿದ ಮರುವಾರ ಪಾಸ್ಟರರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಟರ್ಪಾಲು ಒಳಗೆ ಉಂಟು, ಅವಳೇ ತಂದಿಟ್ಟದ್ದು ಎಂದರು. ಹಾಲಿನ ಹಿಂದೆ ಗುಂಡಿ ತೋಡಿಸಿದರು. ಜೋರು ಮಳೆ. ಬಿಸಿನೀರು ಕಾಸುವವರು ಇರಲಿಲ್ಲ. ಯಾರಿಗೂ ನೆನಪಾಗಲಿಲ್ಲ, ನಾನೂ ಕೇಳಲಿಲ್ಲ. ಮುಳುಗಿ ಎದ್ದೆ. ಬೈಬಲ್ಲಿನಲ್ಲಿ ಹೇಳಿದ ಹಾಗೆ ಆಕಾಶ ತೆರೆದದ್ದೇನೂ ಕಾಣಲಿಲ್ಲ. ಕಿವಿಗೆ ನೀರು ಹೋಗಿ ವಾರ ನೋವಿತ್ತು.

ಈಗ ಹೆಂಗಸರ ಸಾಲಿಗೆ ತಟ್ಟೆ ತರುವವಳು ನಾನು. ಕೊನೆಯ ಬೆಂಚಿನಲ್ಲಿ ಮುಳುಗದವಳು ಒಬ್ಬಳಿದ್ದಾಳೆ, ಉಪ್ಪಳದಿಂದ ಬರುವ ಟೈಲರು. ಮೊನ್ನೆ ತಟ್ಟೆ ಎದೆಗೆ ಹಿಡಿದು, "ಯಾವಾಗ?" ಎಂದು ಕೇಳಿದೆ.

"ನೋಡುವ ಅಜ್ಜಿ, ಮಳೆ ಒಂದು ಬಿಡಲಿ," ಎಂದಳು.

"ಮಳೆ ಬಿಡಲು ಕಾಯಬೇಡ," ಎಂದೆ. "ನೀರು ನಾನು ಕಾಸಿ ಕೊಡುತ್ತೇನೆ."